ಅಮ್ಮನವರ ಸ್ಕೂಟಿ ಪಾಠ

ಜನವರಿ 8, 2025. ಬುಧವಾರ, ಬೆಳಿಗ್ಗೆ

ಹಾಲಿನವಳು ಇವತ್ತೂ ಒಂದು ಲೀಟರ್ ಹಾಕಿ ಹೋಗಿದ್ದಾಳೆ. ಅರ್ಧ ಸಾಕು ಅಂದಿದ್ದೆ. ಪಾಸ್ಟರ್ ಅಯ್ಯನವರ ಮನೆ ಎಂದರೆ ಚಹಾಕ್ಕೆ ಜನ ಇದ್ದೇ ಇರುತ್ತಾರೆ ಎಂಬ ಅಭ್ಯಾಸ. ಈಗ ನಾನೊಬ್ಬಳೇ. ಇವರು ತೀರಿಕೊಂಡದ್ದು ಅಕ್ಟೋಬರಿನಲ್ಲಿ. ಮಕ್ಕಳಿಲ್ಲ.

ಚರ್ಚಿನ ಈ ಮನೆಯನ್ನು ಹೊಸ ಪಾಸ್ಟರಿಗೆ ಬಿಡಬೇಕು. ತಪ್ಪೇನಿಲ್ಲ. ನಮ್ಮದಾಗಿರಲೇ ಇಲ್ಲವಲ್ಲ.

ಹಾಲು ಕಾಯಿಸುತ್ತಿದ್ದಾಗ ರಾಯಚೂರಿನಿಂದ ಚರ್ಚುಗಳ ಮೇಲ್ವಿಚಾರಕರ ಫೋನ್. "ಸುವಾರ್ತಮ್ಮ, ದೇವದುರ್ಗದಾಗ ನಮ್ಮ ಹೆಣ್ಣಮಕ್ಕಳ ಹಾಸ್ಟೆಲ್‌ಗೆ ವಾರ್ಡನ್ ಬೇಕಾಗ್ಯಾರ. ದೇವ್ರು ನಿಮ್ಮನ್ನ ಅದಕ್ಕ ಇಟ್ಟಾನ ಅನಸ್ತದ ನನಗ. ಪ್ರಾರ್ಥನಿ ಮಾಡಿ ಹೇಳ್ರಿ."

ಪ್ರಾರ್ಥನೆ ಮಾಡಿದೆ. ಹಾಲು ಉಕ್ಕಿತು. ಅಷ್ಟೇ.

ಇಷ್ಟು ವರ್ಷ ಪಾಸ್ಟರ್ ದೇವಪುತ್ರರ ಹೆಂಡತಿ. ಊರಿಗೆಲ್ಲ 'ಅಮ್ಮನವರು'. ಅದೇ ನನ್ನ ಸೇವೆ ಅಂದುಕೊಂಡಿದ್ದೆ. ಈಗ ದೇವರಿಗೆ ನನ್ನಿಂದ ಏನು ಬೇಕು? ಬರೀ ಸುವಾರ್ತಮ್ಮನಿಂದ?

ಜನವರಿ 16. ಗುರುವಾರ

ದೇವದುರ್ಗಕ್ಕೆ ಹೋಗಿ ಬಂದೆ. ಹಾಸ್ಟೆಲ್ ಚೆನ್ನಾಗಿದೆ. ಹುಡುಗಿಯರು ಸಾಲಾಗಿ ನಿಂತು ಹಾಡು ಹೇಳಿದರು. ಒಬ್ಬಳಿಗೆ ಮುಂದಿನ ಹಲ್ಲಿಲ್ಲ, ಅವಳದೇ ದೊಡ್ಡ ದನಿ. ಆಮೇಲೆ ಬೀಗದ ಕೈ ಗೊಂಚಲನ್ನು ನನ್ನ ಕೈಗಿಟ್ಟರು, ಹಿಡಿದು ನೋಡಿ ಎಂದು. ಸಂಜೆ ಆಯಿತೆಂದರೆ ಗೇಟಿಗೆ ಬೀಗ, ಬೆಳಗಿನವರೆಗೆ ವಾರ್ಡನ್ನೂ ಒಳಗೆ.

ಗೊಂಚಲನ್ನು ಬೇಗನೆ ವಾಪಸ್ ಕೊಟ್ಟೆ. ಮುಖದಲ್ಲಿ ನಗು ಇಟ್ಟುಕೊಂಡೇ ಇದ್ದೆ.

ಇದು ಸೋಮಾರಿತನವೇ? ಗರ್ವವೇ? ದೇವರು ಕರೆದಾಗ ಬೈಬಲಿನ ಯೋನನೂ ಹಡಗು ಹತ್ತಿ ಓಡಿದ. ನಾನು ಊರಿಗೆ, ಮಾನ್ವಿ ಬಸ್ಸು ಹತ್ತಿದೆ...

ಜನವರಿ 26. ಭಾನುವಾರ, ಸಂಜೆ

ರಾಯಚೂರಿನಲ್ಲಿ ಚರ್ಚಿನ ರಿಟ್ರೀಟ್ ಮುಗಿಸಿ ಬಂದೆ. ವಿಷಯ: 'ದೇವರು ನಿನ್ನನ್ನು ಯಾತಕ್ಕಾಗಿ ಕರೆದಿದ್ದಾನೆ?' ಹೈದರಾಬಾದಿನ ಬೋಧಕರು ತೆಲುಗಿನಲ್ಲಿ ಗುಡುಗುತ್ತಿದ್ದರು. ಪಕ್ಕದಲ್ಲಿ ನಿಂತವರು ಮೆತ್ತಗೆ ಕನ್ನಡ ಮಾಡುತ್ತಿದ್ದರು. ಕೊನೆಗೆ ಎಲ್ಲರಿಗೂ ಒಂದೊಂದು ಚೀಟಿ. ನಿಮ್ಮ ಕರೆ ಏನು, ಒಂದೇ ಸಾಲಿನಲ್ಲಿ ಬರೆಯಿರಿ.

ಪಕ್ಕದವಳು ಎರಡೂ ಬದಿ ತುಂಬಿಸಿದಳು. ನಾನು ಹೆಸರು ಬರೆದೆ. ಪೆನ್ನು ನಿಂತಿತು. ಹೆಸರಷ್ಟೇ ಇದ್ದ ಚೀಟಿಯನ್ನು ಮಡಚಿ ಬುಟ್ಟಿಗೆ ಹಾಕಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಬಾತ್‌ರೂಮಿಗೆ ಹೋಗಿ ಅತ್ತೆ. ನಲ್ಲಿ ಬಿಟ್ಟುಕೊಂಡು, ಯಾರಿಗೂ ಕೇಳದ ಹಾಗೆ.

ಫೆಬ್ರವರಿ 4. ಮಂಗಳವಾರ

ಮನೆ ಬಿಟ್ಟಾಯಿತು. ಗುಲ್ಶನ್ ಬೇಗಂ ಅವರ ಮುಂದಿನ ಕೋಣೆ ಬಾಡಿಗೆಗೆ. ಪಾತ್ರೆ, ಹಾಸಿಗೆ ಎಲ್ಲ ಸ್ಕೂಟಿಯ ಮೇಲೇ ಸಾಗಿಸಿದೆ. ಬೇಗಂ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದರು. "ಯಾ ಅಲ್ಲಾ, ಗ್ಯಾಸ್ ಸಿಲಿಂಡರ್ ಸೈತ ತಂದ್ರಲ್ರೀ!"

ಮಧ್ಯಾಹ್ನ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ, ಬಿಪಿ ಮಾತ್ರೆಗೆ. ಗೇಟಿನ ಹತ್ತಿರ ನೇತ್ರಾವತಿ, ಹಿರೇಕೊಟ್ನೆಕಲ್‌ನ ಆಶಾ ಕಾರ್ಯಕರ್ತೆ. ಬಿಸಿಲಲ್ಲಿ ನಿಂತು ಗಂಡನ ದಾರಿ ಕಾಯುತ್ತಿದ್ದಳು.

"ಮನಿಯಾಗ ಸ್ಕೂಟಿ ಅದರೀ ಅಮ್ಮಾರೆ. ನನಗ ಹೊಡಿಯಾಕ ಬರಂಗಿಲ್ಲ. ಇವ್ರು ಹೊಲ ಬಿಟ್ಟು ಬಂದಾಗ್ಲೇ ನಾ ಹೋಗಬೇಕು. ಹೆರಿಗಿ ಬ್ಯಾನಿ ಇವ್ರ ಟೈಮ್ ನೋಡಿ ಬರ್ತಾವೇನ್ರೀ?"

ಆಮೇಲೆ ಕೇಳಿದಳು, "ನಿಮಗ ಯಾರು ಕಲಿಸಿದ್ರಿ?"

ಇವರೇ ಕಲಿಸಿದ್ದು. ಸಕ್ಕರೆ ಕಾಯಿಲೆಯಿಂದ ಇವರ ಕಣ್ಣು ಮಂಜಾದ ಮೇಲೆ ಹಳ್ಳಿ ಹಳ್ಳಿಗೆ ನಾನೇ ಕೂರಿಸಿಕೊಂಡು ಹೋಗುತ್ತಿದ್ದೆ. ಇವರು ಬೋಧಿಸಲು ಒಳಗೆ, ನಾನು ಗಾಡಿಯ ಹತ್ತಿರ ಬೇವಿನ ನೆರಳಿಗೆ.

"ನನಗೂ ಕಲಸ್ರಿ," ಅಂದಳು.

ಆಯ್ತು ಅಂದುಬಿಟ್ಟೆ. ಪ್ರಾರ್ಥನೆ ಮಾಡಿ ಹೇಳುತ್ತೇನೆ ಅನ್ನಲೇ ಇಲ್ಲ.

ಫೆಬ್ರವರಿ 11. ಮಂಗಳವಾರ

ಶಾಲಾ ಮೈದಾನ. ನೇತ್ರಾವತಿ ಎರಡೂ ಕಾಲು ನೆಲಕ್ಕೆ ಎಳೆಯುತ್ತಲೇ ಗಾಡಿ ಬಿಡುತ್ತಾಳೆ. "ಕಾಲು ಮ್ಯಾಲಿಡು!" "ಇಟ್ರ ಬೀಳ್ತೀನ್ರೀ!" "ಇಡಲಿಲ್ಲಂದ್ರ ಚಪ್ಪಲಿ ಸವೀತಾವ!" ಇಟ್ಟಳು. ಬೀಳಲಿಲ್ಲ. ಗಾಡಿ ಓಡಿತು, ಹಿಂದೆ ನಾನೂ ಸೆರಗು ಸಿಕ್ಕಿಸಿ ಓಡಿದೆ. ಎಷ್ಟು ನಕ್ಕೆ... ಇವರು ಹೋದ ಮೇಲೆ ಗಟ್ಟಿಯಾಗಿ ನಕ್ಕದ್ದು ಇವತ್ತೇ.

ದೇವರಿಗೆ ನನ್ನಿಂದ ಏನು ಬೇಕು ಎಂದು ಕೇಳುವುದನ್ನೇ ಮರೆತೆ. ಮಧ್ಯಾಹ್ನ ನೆನಪಾಗಿ ಗಾಬರಿಯಾಯಿತು.

ಫೆಬ್ರವರಿ 23. ಭಾನುವಾರ

ಈಗ ಕಲಿಯಲು ಶಾಲೆಯ ವಾಹಿದಾ ಟೀಚರೂ ಬರುತ್ತಾರೆ, ಇಬ್ಬರು ಅಂಗನವಾಡಿಯವರೂ. ಆರಾಧನೆ ಮುಗಿದ ಮೇಲೆ ಚರ್ಚಿನ ಹಿರಿಯರೊಬ್ಬರು ತಡೆದು ನಿಲ್ಲಿಸಿದರು. "ಅಮ್ಮನವರು ಮೈದಾನದಾಗ ಗಾಡಿ ಹಿಂದ ಓಡೋದು ಚಂದ ಕಾಣಂಗಿಲ್ರಿ. ಹಾಸ್ಟೆಲ್ ಅಂದ್ರ ಸೇವಿ. ಇದೇನು ಸೇವಿರೀ?"

ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಫೆಬ್ರವರಿ 27. ಗುರುವಾರ

ನೇತ್ರಾವತಿ ಬಿದ್ದಳು. ಕಾಲುವೆ ದಂಡೆಯ ರಸ್ತೆ. ಎದುರಿಗೆ ಕುರಿ ಹಿಂಡು. ಗಾಬರಿಯಲ್ಲಿ ಬ್ರೇಕ್ ಬದಲು ಎಕ್ಸಲೇಟರ್ ತಿರುವಿದಳು. ಮಣಿಕಟ್ಟು ಮುರಿದಿದೆ. ನಾನು ಹಿಂದೆ ಕೂತಿದ್ದೆ, ನನಗೆ ಬರೀ ತರಚುಗಾಯ. ರಸ್ತೆಗೆ ಕರೆದುಕೊಂಡು ಹೋದವಳೇ ನಾನು.

ಆಸ್ಪತ್ರೆಯಲ್ಲಿ ಅವಳ ಗಂಡ ಹನುಮೇಶ ಎಕ್ಸ್‌ರೇ ಚೀಟಿ ಹಿಡಿದು ನನ್ನನ್ನು ದಾಟಿ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ಹಾಸ್ಟೆಲ್‌ಗೆ ಬರ್ತೀನ್ರಿ, ಏಪ್ರಿಲ್‌ನಿಂದ. "ದೇವ್ರಿಗೆ ಸ್ತೋತ್ರ!" ಅಂದರು. ನನ್ನ ಬಾಯಿಂದ ಸ್ತೋತ್ರ ಬರಲಿಲ್ಲ.

ಮಾರ್ಚ್ 16. ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಮೈದಾನಕ್ಕೂ ಹೋಗಲಿಲ್ಲ. ಟ್ರಂಕ್ ತುಂಬಿಸುತ್ತಿದ್ದೆ.

ಇವತ್ತು ಮಧ್ಯಾಹ್ನ ಗೇಟಿನಲ್ಲಿ ಹನುಮೇಶ. ಜಗಳಕ್ಕೇ ಬಂದ ಅಂದುಕೊಂಡೆ. ಒಳಗೆ ಕರೆದೆ. ಚಹಾ ಕುಡಿದು ಲೋಟ ಕೆಳಗಿಟ್ಟ. ಆಮೇಲೆ—

"ನಮ್ಮ ಗಾಡಿ ರಿಪೇರಿ ಮಾಡಿಸೀನ್ರಿ. ಪ್ಲಾಸ್ಟರ್ ಮುಂದಿನ ತಿಂಗಳು ತೆಗಿತಾರ. ಅಮ್ಮಾರು ದೇವದುರ್ಗಕ್ಕ ಹೊಂಟಾರಂತ, ನನಗ ಯಾರು ಕಲಸ್ತಾರ ಅಂತ ಮನಿಯಾಗ ಇಕಿ ಒಂದೇ ಸಮನ ಅಳಾಕತ್ಯಾಳ."

"ನೀನೇ ಕಲಸಬಹುದಲ್ಲಪ್ಪಾ."

"ನಾ ಒಂದಿನ ಕಲಸಾಕ ಹೋಗಿದ್ನಿ. ಆಕಿ ಎರಡು ದಿನ ಮಾತಾಡ್ಲಿಲ್ಲ. ಸಿಟ್ಟಿಗೇಳಲಾರದೆ ಕಲಸೋದು ನಿಮಗಷ್ಟೇ ಬರ್ತದರೀ."

"ಬಿದ್ದದ್ದು ನನ್ನಿಂದಪ್ಪಾ."

"ಬಿದ್ದದ್ದು ಕುರಿಯಿಂದ್ರೀ," ಅಂದ. ನಗಲಿಲ್ಲ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದಾನೆ.

ಅವನು ಹೋದ ಮೇಲೆ ಟ್ರಂಕಿನ ಮೇಲೆ ಕೂತೆ. ಕಣ್ಣೀರು ಬಂತು. ರಾಯಚೂರಿನ ಬಾತ್‌ರೂಮಿನ ಅಳುವಲ್ಲ ಇದು. ಬೇರೆ.

ಮಾರ್ಚ್ 18. ಮಂಗಳವಾರ

ರಾಯಚೂರಿಗೆ ಹೋಗಿ ಮೇಲ್ವಿಚಾರಕರ ಎದುರಿಗೆ ಕೂತೆ. ದಾರಿಯಲ್ಲಿ ಕಲ್ಮಲ ದಾಟುವ ತನಕ ಮಾತು ಜೋಡಿಸುತ್ತಿದ್ದೆ. ಎದುರಿಗೆ ಕೂತಾಗ ಒಂದೂ ನೆನಪಿಲ್ಲ. "ಹಾಸ್ಟೆಲ್ ನನ್ನ ಕೈಲಿ ಆಗಂಗಿಲ್ರಿ. ಹೆಣ್ಣಮಕ್ಕಳಿಗೆ ಗಾಡಿ ಕಲಸ್ತೀನ್ರಿ," ಅಂದೆ.

ಕನ್ನಡಕ ತೆಗೆದರು. "ಪ್ರಾರ್ಥನಿ ಮಾಡೀರೇನು?"

"ಮಾಡೀನ್ರಿ."

"ದೇವ್ರು ಏನಂದ?"

"ಏನೂ ಅನ್ಲಿಲ್ರಿ. ಬ್ಯಾಡಂತೂ ಅನ್ಲಿಲ್ಲ."

ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಬೈಯುತ್ತಾರೆ ಅಂದುಕೊಂಡೆ. "ನನಗೂ ಬಾಳ ಸಲ ಅಷ್ಟೇ ಹೇಳ್ಯಾನವ್ವ," ಅಂದರು. ಹಾಸ್ಟೆಲ್‌ಗೆ ಬೇರೆ ಇಬ್ಬರು ಆಸೆಪಟ್ಟು ಕೇಳಿದ್ದಾರಂತೆ. ನನ್ನ ಮೇಲಿನ ಮರ್ಯಾದೆಗೆ ತಡೆದಿದ್ದರಂತೆ! ತಲೆ ಮೇಲೆ ಕೈಯಿಟ್ಟು ಆಶೀರ್ವದಿಸಿದರು.

ಹೊರಗೆ ಬಂದು ಮಿರ್ಚಿ ಭಜಿ ತಿಂದೆ. ಒಬ್ಬಳೇ ನಿಂತು, ಪ್ಲೇಟ್ ತುಂಬ. ಹೆಗಲು ಹಗುರ.

ಮೇ 6. ಮಂಗಳವಾರ, ಬೆಳಿಗ್ಗೆ

ಪ್ಲಾಸ್ಟರ್ ತೆಗೆದ ಮೇಲೆ ಮತ್ತೆ ಮೈದಾನಕ್ಕೆ ಬರುತ್ತಿದ್ದ ನೇತ್ರಾವತಿ ಫೋನ್ ಮಾಡಿದ್ದಳು. ನಿನ್ನೆ ಊರಾಚೆ ಹೊಲದ ಮನೆಯಲ್ಲಿ ಒಬ್ಬಳಿಗೆ ಬೇನೆ ಶುರುವಾಗಿತ್ತಂತೆ. ಹನುಮೇಶ ಸಂತೆಗೆ ಹೋಗಿದ್ದ. "ನಾನೇ ಗಾಡಿ ತಗೊಂಡು ಹೋದ್ನಿರೀ ಅಮ್ಮಾರೆ! ಅಂಬುಲೆನ್ಸ್ ಬರೋತನಕ ಕೈ ಹಿಡಕೊಂಡು ಕುಂತಿದ್ನಿ. ಹೆಣ್ಣಮಗು. ತಾಯಿನೂ ಆರಾಮ ಅದಾಳ."

ಫೋನ್ ಇಟ್ಟು ಮೊಣಕಾಲೂರಿದೆ. ಕೇಳುವುದು ಏನೂ ಇರಲಿಲ್ಲ. ವಂದನೆ ಅಂದೆ, ಎದ್ದೆ. ಉದ್ದೇಶ ಇದೇನಾ, ಇನ್ನೂ ಗೊತ್ತಿಲ್ಲ. ಇದು ಒಂದು ತುಂಡಿರಬಹುದು. ಆ ಮಗುವಿನ ಹೆಸರು ಕೇಳಲು ಮರೆತೆ, ಸಂಜೆ ಹೋಗಿ ನೋಡಿ ಬರ—

ಹೊರಗೆ ಹಾರ್ನ್. ಯಾರೂ ಬರುವುದಿರಲಿಲ್ಲವಲ್ಲ. ಕಿಟಕಿಯಿಂದ ಇಣುಕಿದೆ. ನನ್ನ ಸ್ಕೂಟಿ ಮೇಲೆ ಗುಲ್ಶನ್ ಬೇಗಂ! ಅರವತ್ತು ದಾಟಿದೆ. ಬುರ್ಖಾ ಮೊಣಕಾಲಿಗೆ ಎತ್ತಿ ಕಟ್ಟಿದ್ದಾರೆ. ಚಾವಿ ಎಲ್ಲಿ ಸಿಕ್ಕಿತೋ. "ಬರ್ರಿ ಲಗೂನ, ಇದು ತಾನೇ ಹೊಂಟದ—"