ಹುಣಸೆಮರಗಳ ಖಾನೇಷುಮಾರಿ

ಪ್ರೀತಿಯ ಖಲೀಲ್ ಭಾಯಿಗೆ,

ಸಲಾಮು. ನೀವು ಹೋಗಿ ಎರಡು ತಿಂಗಳ ಮೇಲಾಯಿತು. ಹೋದವರಿಗೆ ಕಾಗದ ಬರೆಯುತ್ತಾ ಕೂತಿದ್ದೇನೆಂದು ಗೊತ್ತಾದರೆ ನೀವು ಹೊಟ್ಟೆ ಹಿಡಿದುಕೊಂಡು ನಗುತ್ತೀರಿ. ನಗಿ. ನೀವಿದ್ದಾಗ ನನ್ನ ಬಾಯಿಂದ ಬರಬೇಕಿದ್ದ ಒಂದು ಮಾತು ಬರಲಿಲ್ಲ. ಮೂರು ವಾರದ ಕೆಳಗೆ ಗುಬ್ಬಿಯಲ್ಲಿ ಭರಣಿ ಮಳೆ ಸುರಿಯಿತು. ಆ ಮಳೆಯ ಸುದ್ದಿ ನಿಮಗೆ ಹೇಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ.

ನಮ್ಮ ಮೊದಲ ಜಗಳ ಸುಣ್ಣದ ವಿಷಯಕ್ಕೆ ಆದದ್ದು, ನೆನಪಿದೆಯಾ? ನಾನು ರಸ್ತೆ ಕೆಲಸದ ಇನ್ಸ್‌ಪೆಕ್ಟರಾಗಿ ಗುಬ್ಬಿಗೆ ಹೊಸದಾಗಿ ಬಂದಿದ್ದೆ. ಯುಗಾದಿ ಹತ್ತಿರವಿತ್ತು. ಬಾಡಿಗೆ ಮನೆಯ ಹೊರಗೋಡೆಗೆ ನಾನೇ ಸುಣ್ಣ ಹೊಡೆಯುತ್ತಿದ್ದೆ. ನೀವು ಸೈಕಲ್ ಹ್ಯಾಂಡಲಿಗೆ ಬಣ್ಣದ ಡಬ್ಬ ನೇತುಹಾಕಿಕೊಂಡು ಹೋಗುತ್ತಿದ್ದವರು ಒಂದು ಕಾಲು ನೆಲಕ್ಕೆ ಊರಿ ನಿಂತಿರಿ. "ಏನ್ ಇನ್ಸ್‌ಪೆಕ್ಟ್ರೇ, ಗೋಡೆಗೆ ಮಜ್ಜಿಗೆ ಕುಡಿಸ್ತಾ ಇದೀರಾ? ಗೋಂದು ಹಾಕಿದೀರೇನ್ರೀ ಅದಕ್ಕೆ?" ಗೋಂದು ಯಾಕೆ ಎಂದೆ. "ಗೋಂದು ಹಾಕ್ದೆ ಇರೋ ಸುಣ್ಣ ಒಂದು ಮಳೆ ತಡೆಯಲ್ಲ. ಬೇಕಾದ್ರೆ ನೋಡ್ತಾ ಇರಿ." ಸರ್ಕಾರಿ ನೌಕರನಿಗೆ ಬುದ್ಧಿ ಹೇಳಲು ಇವರ್ಯಾರು ಎಂದು ಸಿಟ್ಟಾಗಿ ನಾನು ಗೋಂದು ಹಾಕಲೇ ಇಲ್ಲ. ಮೊದಲ ಮಳೆಗೇ ಗೋಡೆ ಹಳೆಯ ಬಣ್ಣ ತೋರಿಸಿತು. ಮಾರನೆಯ ಸಂಜೆ ಬಸ್ ಸ್ಟ್ಯಾಂಡ್ ಪಕ್ಕದ, ಬೋರ್ಡ್ ಬರೆಯುವ ನಿಮ್ಮ ಅಂಗಡಿಗೆ ಬಂದು ಸೋಲೊಪ್ಪಿಕೊಂಡೆ. ನೀವು ಚಹಾ ತರಿಸಿದಿರಿ. ಆಮೇಲೆ ನಾಲ್ಕು ವರ್ಷ ನನ್ನ ಸಂಜೆಗಳೆಲ್ಲ ಅಲ್ಲೇ ಕಳೆದವು.

ಗುಬ್ಬಿಯಿಂದ ಕಡಬದ ಕಡೆಗೆ ರಸ್ತೆ ಅಗಲ ಮಾಡುವ ಆರ್ಡರ್ ಬಂದ ದಿನ ನಾನು ಖುಷಿಯಿಂದ ನಿಮ್ಮಲ್ಲಿಗೆ ಓಡಿ ಬಂದೆ. ಹರಾಜಿಗೆ ಮುಂಚೆ ಎರಡೂ ಬದಿಯ ಹುಣಸೆಮರಗಳಿಗೆ ನಂಬರ್ ಬರೆಸಬೇಕಿತ್ತು. ನಿಮಗೊಂದು ಕೆಲಸ ಸಿಕ್ಕಿತಲ್ಲ ಎಂದು ನನ್ನ ಸಂತೋಷ. ಅದಕ್ಕೆ ಹಿಂದಿನ ವರ್ಷವಷ್ಟೇ ಜನಗಣತಿ ಮುಗಿದಿತ್ತು. ನಿಮ್ಮ ಬಾಯಲ್ಲಿ ಅದು ಯಾವಾಗಲೂ ಖಾನೇಷುಮಾರಿ. ನಮ್ಮ ಬೀದಿಯ ಬಾಗಿಲುಗಳಿಗೆಲ್ಲ ಮನೆ ನಂಬರ್ ಬರೆದವರೂ ನೀವೇ ಆಗಿದ್ದಿರಿ. ತೊಗಟೆ ಹೆರೆಯುವುದು ಬೇಡ ಎಂದಿರಿ. ಒರಟು ತೊಗಟೆಯ ಮೇಲೆಯೇ ಹಲಗೆಯಷ್ಟಗಲ ಟಾರು ಬಳಿದು, ಒಣಗಿದ ಮೇಲೆ ಬಿಳಿ ಆಯಿಲ್ ಪೇಂಟಿನಲ್ಲಿ ನಂಬರ್ ಬರೆಯುತ್ತಾ ಹೊರಟಿರಿ. ಹದಿನೇಳನೆಯ ಮರದ ಹತ್ತಿರ ಕುಂಚ ಕೆಳಗಿಟ್ಟಿರಿ.

"ಖಾನೇಷುಮಾರಿಯೋರು ಬಾಗ್ಲಿಗೆ ನಂಬರ್ ಹಾಕ್ಬುಟ್ಟು ಸುಮ್ನೆ ಹೋದ್ರೇನ್ರೀ? ಒಳಗೆ ಎಷ್ಟು ಜನ ಅವ್ರೆ, ಏನ್ ಕಸುಬು, ಎಲ್ಲಾ ಕೇಳಿ ಬರ್ಕೊಂಡ್ರು. ಇಲ್ಲಿ ಬರೀ ನಂಬರ್ ಹಾಕ್ಬುಟ್ಟು ಹೋದ್ರೆ ಹೆಂಗೆ?"

"ಮರದಲ್ಲಿ ಯಾರಿರ್ತಾರೆ ಭಾಯಿ?"

"ತಲೆ ಎತ್ತಿ ನೋಡ್ರಿ."

ನಾಲ್ಕು ವರ್ಷ ಆ ದಾರಿಯಲ್ಲಿ ಓಡಾಡಿದ್ದೆ. ಎದೆಮಟ್ಟದಲ್ಲಿ ಟೇಪು ಸುತ್ತಿ ಪ್ರತಿ ಮರದ ಸುತ್ತಳತೆ ಬರೆದುಕೊಂಡಿದ್ದೆ. ಆದರೆ ತಲೆ ಎತ್ತಿ... ಇಲ್ಲ ಭಾಯಿ, ಒಂದು ದಿನವೂ ನೋಡಿರಲಿಲ್ಲ. ಅವತ್ತು ನೋಡಿದೆ. ಕೊಂಬೆ ಸಂದಿಯಲ್ಲಿ ಜೇನು ಕಟ್ಟಿತ್ತು. ಪೊಟರೆಯಿಂದ ಎರಡು ಗುಂಡು ಕಣ್ಣು ನನ್ನನ್ನೇ ನೋಡುತ್ತಿದ್ದವು.

ಆ ಮರದ ಹೊಲದ ಕಡೆಯ ಮೈಗೆ ನೀವು ಮತ್ತೊಂದು ಹಲಗೆ ಟಾರು ಬಳಿದ ಮಧ್ಯಾಹ್ನ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಮರ ನಂಬರ್ ೧೭. ವಾಸ: ಅಳಿಲು ಸಂಸಾರ ಒಂದು. ಜೇನು ಒಂದು. ಗೂಬೆ ಜೋಡಿ ಒಂದು. ಹಗಲು ನೆರಳಿಗೆ: ಮಜ್ಜಿಗೆ ಗೌರಮ್ಮ." ಓದಲು ಬಾರದವರೂ ಓದಬೇಕಲ್ಲ ಎಂದು ಪ್ರತಿ ಸಾಲಿನ ಪಕ್ಕದಲ್ಲಿ ಚಿತ್ರ ಬಿಡಿಸಿದಿರಿ. ಬಾಲ ಎತ್ತಿದ ಅಳಿಲು, ಬುಡದಲ್ಲಿ ಕೂತು ಮಜ್ಜಿಗೆ ಮಾರುವ ಗೌರಮ್ಮನ ಗಡಿಗೆ, ಆಕೆಯ ಮೂಗುಬೊಟ್ಟು ಸಮೇತ. ಬೇಡ ಭಾಯಿ, ನನ್ನ ಕೆಲಸಕ್ಕೆ ಕುತ್ತು ಬರುತ್ತದೆ ಎಂದೆ. "ನಂಬರು ರೋಡ್ ಕಡೆಗೆ, ನಿಮ್ ಸಾಹೇಬ್ರಿಗೆ. ಇದು ಹೊಲದ ಕಡೆಗೆ, ಊರೋರ್ಗೆ. ಯಾರ್ಗೂ ನಷ್ಟ ಇಲ್ಲ" ಎಂದಿರಿ. ನನಗೂ ನಗು ಬಂತು. ಉಳಿದ ಮರಗಳಿಗೆಲ್ಲ ಬಣ್ಣದ ಡಬ್ಬ ಹಿಡಿದುಕೊಂಡು ನಿಮ್ಮ ಪಕ್ಕದಲ್ಲೇ ನಿಂತೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಂಗಪ್ಪ ಜಗಳಕ್ಕೆ ಬಂದದ್ದಂತೂ ಮರೆಯುವಂತಿಲ್ಲ. ಹದಿನೇಳನೆಯ ಮರದ ಪಕ್ಕದ ಹೊಲ ಆತನದ್ದು. "ಏನ್ ಸಾಬ್ರೇ, ನನ್ ಹೊಲದ್ ಮುಂದೆ ಗೂಬೆ ಕುಂಡ್ರಿಸ್ತೀರಾ? ಮನೆ ಮಠ ಉದ್ಧಾರ ಆಗ್ಬೇಕಾ ಬ್ಯಾಡ್ವಾ?" ನೀವು ಕುಂಚ ಒರೆಸಿಕೊಳ್ಳುತ್ತಾ, "ನಾನೆಲ್ಲಿ ಕೂರಿಸ್ದೆ ರಂಗಪ್ಪೋರೇ? ಅದೇ ಬಂದು ಕೂತೈತೆ. ನಿಮ್ ರಾಗಿ ತಿನ್ನೋ ಇಲೀನ ಯಾರ್ ತಿಂತಾ ಇದಾರೆ ಅಂದ್ಕೊಂಡಿದೀರಾ?" ಎಂದಿರಿ. ರಂಗಪ್ಪ ತಲೆ ಎತ್ತಿ ಬಹಳ ಹೊತ್ತು ನೋಡಿದ. ಮರದ ಬುಡದಲ್ಲಿ ಬಿದ್ದಿದ್ದ ಇಲಿಯ ಮೂಳೆಯನ್ನು ಕಾಲಲ್ಲಿ ಕೆದಕಿದ. ಕೊನೆಗೆ ಮೆತ್ತಗೆ, "ಹಂಗಾದ್ರೆ ಹಾಲಕ್ಕಿ ಅಂತ ಬರೀರಿ. ಹಾಲಕ್ಕಿ ಶುಭ" ಎಂದ. ಅದೇ ಹಕ್ಕಿ, ಅದೇ ಕಣ್ಣು! ನೀವು ತಕ್ಷಣ ಗೂಬೆ ಎಂಬ ಅಕ್ಷರ ಹೊಡೆದುಹಾಕಿ ಹಾಲಕ್ಕಿ ಎಂದು ಬರೆದಿರಿ.

ಅದಾದ ಮೇಲೆ ಜನ ತಾವಾಗಿಯೇ ಬರತೊಡಗಿದರಲ್ಲವೇ? ಕಳೆ ಕೀಳುವ ಹೆಂಗಸರು ಬಂದು, ನಾವು ತೊಟ್ಟಿಲು ಕಟ್ಟುವ ಕೊಂಬೆ ಯಾಕೆ ಬರೆದಿಲ್ಲ ಎಂದರು. ಇನ್ನೊಬ್ಬ ಬಂದು, ನಮ್ಮ ಮರದಲ್ಲಿ ಗಿಣಿ ಇವೆ, ಖಾನೇಷುಮಾರಿಯವರು ಸರಿಯಾಗಿ ನೋಡಿಲ್ಲ ಎಂದು ನಮ್ಮಿಬ್ಬರನ್ನೂ ಬೈದ. ಮರ ಕಡಿಯುತ್ತಾರೆ ಎಂದು ತಮಟೆ ಹೊಡೆಸಿ ಸಾರಿದಾಗ ಕಮಕ್ ಕಿಮಕ್ ಎನ್ನದ ಊರು ಅದು. ಈಗ ಹಲಗೆಯ ಮುಂದೆ ನಿಂತು ಲೆಕ್ಕ ತಿದ್ದಿಸುತ್ತಿತ್ತು. ತಿದ್ದಿಸಿ, "ಇದನ್ನೂ ಕಡೀತಾರಂತಾ?" ಎಂದು ನನ್ನ ಮುಖ ನೋಡುತ್ತಿತ್ತು.

ಸಾಹೇಬರ ಜೀಪು ಬಂದು ನಿಂತ ದಿನವನ್ನು ನಾನು ಬರೆಯದೆ ದಾಟಿಬಿಡಬಹುದಿತ್ತು. ದಾಟುವುದಿಲ್ಲ. ಅವರು ಹೊಲದ ಕಡೆಗೆ ಇಳಿದು ಒಂದು ಹಲಗೆ ಓದಿದರು. "ಯಾರ್ರೀ ಇದನ್ನ ಬರ್ಸಿದ್ದು?" ಎಂದರು. ನೀವು ನನ್ನಿಂದ ಮೂರು ಮಾರು ದೂರದಲ್ಲಿ ಕುಂಚ ಹಿಡಿದು ನಿಂತಿದ್ದಿರಿ. ನನ್ನ ಕೈಯಲ್ಲಿ ಡಬ್ಬವಿತ್ತು. ನಾನು ಡಬ್ಬವನ್ನು ನೆಲಕ್ಕಿಟ್ಟು, "ಗೊತ್ತಿಲ್ಲ ಸಾರ್. ಪೇಂಟರ್ ತಾನೇ ಬರ್ಕೊಂಡವ್ನೆ" ಎಂದೆ. ಬರ್ಕೊಂಡವ್ನೆ. ನಾಲ್ಕು ವರ್ಷ ಭಾಯಿ ಭಾಯಿ ಎಂದ ಬಾಯಲ್ಲಿ ಆ ಏಕವಚನ ಹೇಗೆ ಬಂತೋ. ಕೆಲಸ ಖಾಯಂ ಆಗಿರಲಿಲ್ಲ, ಮನೆಯಲ್ಲಿ ಬಸುರಿ ಹೆಂಡತಿ ಇದ್ದಳು, ಎಲ್ಲ ನಿಜ. ಆದರೂ... ನೀವು "ಹೌದು ಸಾರ್, ನಾನೇ" ಎಂದಷ್ಟೇ ಹೇಳಿದಿರಿ.

ಚಿತ್ರವನ್ನೆಲ್ಲ ಸುಣ್ಣ ಹೊಡೆದು ಅಳಿಸುವ ಕೆಲಸ ನನ್ನ ತಲೆಗೇ ಬಂತು. ಸುಣ್ಣ ಕಲಸುವಾಗ ಗೋಂದಿನ ಪೊಟ್ಟಣ ಸ್ಟೋರಿನ ಶೆಲ್ಫಿನಲ್ಲೇ ಇತ್ತು. ನಾನು ನೋಡಿದೆ. ತೆಗೆದುಕೊಳ್ಳಲಿಲ್ಲ. ಅದನ್ನು ಧೈರ್ಯ ಎನ್ನಬೇಡಿ ಭಾಯಿ, ಧೈರ್ಯವಿದ್ದವನು ಬಾಯಿ ಬಿಡುತ್ತಿದ್ದ. ನಾನು ಹದಿನೇಳನೆಯ ಮರಕ್ಕೆ ಸುಣ್ಣ ಹೊಡೆಯುವಾಗ ನೀವು ಎದುರಿನ ಚಹಾ ಅಂಗಡಿಯಲ್ಲಿ ಕೂತಿದ್ದಿರಿ. ಅರ್ಧ ಕುಡಿದ ಲೋಟ ಅಲ್ಲೇ ಇಟ್ಟು ಸೈಕಲ್ ಹತ್ತಿದಿರಿ. ಓಡಿಬಂದು ಕಿವಿಯಲ್ಲಿ ಒಂದು ಮಾತು, "ಗೋಂದು ಹಾಕಿಲ್ಲ" ಎಂದಿದ್ದರೆ ಸಾಕಿತ್ತು. ಹೇಳಲಿಲ್ಲ. ಮಳೆ ಬಂದಾಗ ಅವರೇ ನೋಡುತ್ತಾರೆ, ಆಗ ನಗುತ್ತಾರೆ ಎಂದುಕೊಂಡೆ.

ಮಳೆಗೆ ಮುಂಚೆ ನಿಮಗೆ ಕಾಮಾಲೆ ಬಂತು. ತುಮಕೂರಿನ ತಮ್ಮನ ಮನೆಗೆ ಹೋಗಿ ಮಲಗಿದಿರಿ. ನಾನು ಒಂದು ಭಾನುವಾರ ಎಳನೀರು ಕಟ್ಟಿಸಿಕೊಂಡು ಬಸ್ ಹತ್ತಿದೆ. ನಿಮ್ಮ ಗಲ್ಲಿಯ ತುದಿಯವರೆಗೂ ಬಂದೆ. ಅಲ್ಲಿಂದ ವಾಪಸ್ ಹೋದೆ. ಯಾವ ಮುಖ ಹೊತ್ತುಕೊಂಡು ಒಳಗೆ ಬರಲಿ? ಹತ್ತು ದಿನ ಕಳೆದು ನಿಮ್ಮನ್ನು ಗುಬ್ಬಿಗೇ ತಂದರು. ಖಬರಸ್ತಾನದಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ನಾನೂ ಹಾಕಿದೆ. ಸುಣ್ಣ ತಿಂದು ಬಿರಿದ ಕೈ ಇನ್ನೂ ವಾಸಿಯಾಗಿರಲಿಲ್ಲ, ಮಣ್ಣು ತಾಗಿ ಉರಿಯಿತು.

ಆ ಭರಣಿ ಮಳೆ ಬಂದದ್ದು ಹರಾಜಿನ ಹಿಂದಿನ ಸಂಜೆ. ಬೆಳಗ್ಗೆ ಹೋಗಿ ನೋಡುತ್ತೇನೆ, ಸುಣ್ಣವೆಲ್ಲ ಹಾಲಿನ ಹಾಗೆ ಹರಿದು ಬೇರಿಗೆ ಇಳಿದಿದೆ. ಕಪ್ಪು ಟಾರಿನ ಮೇಲೆ ನಿಮ್ಮ ಅಳಿಲು ಬಾಲ ಎತ್ತಿಕೊಂಡು ನಿಂತಿದೆ, ನಿನ್ನೆ ಬರೆದ ಹಾಗೆ! ಊರಿಗೆ ಊರೇ ಬಂದಿತ್ತು. ಸಾಹೇಬರು ಹದಿನೇಳರ ಕೆಳಗೆ ಹರಾಜು ಕೂಗಿಸಲು ಹೊರಟರೆ ಗೌರಮ್ಮ ಗಡಿಗೆ ಕೆಳಗಿಟ್ಟು ಎದ್ದು ನಿಂತಳು. "ಸಾಮಿ, ಈ ಪಟ್ಟೀಲಿ ನನ್ ಹೆಸರೈತೆ. ನನ್ನ ಕೇಳ್ದೆ ಹೆಂಗ್ ಮಾರ್ತೀರಿ?" ರಂಗಪ್ಪ ತನ್ನ ಹಾಲಕ್ಕಿಯ ಪರ ವಾದಿಸಿದ. ಸೌದೆ ಮಂಡಿಯವನೊಬ್ಬ, "ಇದ್ಯಾಕೋ ಸಂಸಾರ ಇರೋ ಮನೆ ಹರಾಜು ಕೂಗ್ದಂಗೈತೆ, ನಂಗ್ ಬ್ಯಾಡ ಬುಡಿ" ಎಂದು ತನ್ನ ಸ್ಕೂಟರ್ ಕಡೆಗೆ ನಡೆದ.

"ಅಳ್ಸಿ ಅಂದಿದ್ದೆ ಅಲ್ವೇನ್ರೀ?" ಸಾಹೇಬರು ನನ್ನ ಕಡೆ ತಿರುಗಿದರು.

"ಅಳ್ಸ್ದೆ ಸಾರ್. ಗೋಂದು ಹಾಕ್ದೆ ಅಳ್ಸ್ದೆ."

"ಏನಂದ್ರಿ?"

"ಬರ್ಸಿದ್ದು ನಾನು ಸಾರ್. ಅವತ್ತು ಸುಳ್ಳು ಹೇಳ್ದೆ. ಡಬ್ಬ ಹಿಡ್ಕೊಂಡಿದ್ದೂ ನಾನೇ."

ಆ ಮಾತು ಬಂತು ಭಾಯಿ. ಎಲ್ಲರ ಎದುರಿಗೆ ಬಂತು. ನೀವು ಕೇಳಿಸಿಕೊಳ್ಳಲು ಇರಲಿಲ್ಲ, ಅದೊಂದೇ ನನ್ನ ಸಂಕಟ.

ಸಾಹೇಬರು ನನ್ನನ್ನು ಬೈದರು. ಬೈದು ಮುಗಿಸಿ, ಹೊಲದ ಕಡೆಗೆ ಇಳಿದು, ಒಂದೊಂದೇ ಹಲಗೆ ಓದುತ್ತಾ ಮೂಡಲ ಸಾಲಿನ ಕೊನೆಯವರೆಗೂ ನಡೆದರು. ಹರಾಜು ನಿಂತಿತು. ರಸ್ತೆಯನ್ನು ಪಡುವಣಕ್ಕೆ ಮಾತ್ರ ಅಗಲ ಮಾಡಬೇಕೆಂದು ಈಗ ಹೊಸ ನಕ್ಷೆ ಆಗಿದೆ. ಆ ಕಡೆಯ ಹನ್ನೊಂದು ಮರ ಹೋಗುತ್ತವೆ, ನಿಮ್ಮಿಂದ ಮುಚ್ಚಿಡುವುದಿಲ್ಲ. ನಮ್ಮ ಹದಿನೇಳೂ ಸೇರಿ ಮೂಡಲ ಸಾಲು ಇಡಿಯಾಗಿ ಉಳಿಯಿತು. ನನಗೆ ಮೆಮೊ ಸಿಕ್ಕಿದೆ, ಕುಣಿಗಲ್‌ಗೆ ವರ್ಗವಾಗಿದೆ. ಅಲ್ಲಿ ಹುತ್ರಿದುರ್ಗದ ದಾರಿಯಲ್ಲೂ ಮರಗಳಿವೆಯಂತೆ. ನಿಮ್ಮ ದೊಡ್ಡ ಕುಂಚವನ್ನು ಭಾಬಿಯಿಂದ ಕೇಳಿ ತೆಗೆದುಕೊಂಡಿದ್ದೇನೆ.

ನಿನ್ನೆ ಹೊರಡುವ ಮುಂಚೆ ಮಜ್ಜಿಗೆ ಕುಡಿಯಲು ಹೋದೆ. ಗೌರಮ್ಮ, "ಸಾಬ್ರ ಹೆಸರೂ ಬರಿ" ಎಂದಳು. ಖಾನೇಷುಮಾರಿಯಲ್ಲಿ ಹೋದವರನ್ನು ಬರೆಯುವಂತಿಲ್ಲ ಎಂದು ನಾನು ಕಾನೂನು ಹೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೆರಳಿಗೆ ಕೂತೋರ್ನೆಲ್ಲಾ ಬರೀಬೇಕು ಅಂತ ಅವ್ರೇ ಅಲ್ವೇನಪ್ಪಾ ಅಂದಿದ್ದು? ನನ್ ಪಕ್ಕದಲ್ಲೇ ಕೂತಿದ್ರು. ಬರಿ" ಎಂದಳು. ಬರೆದೆ. ಹದಿನೇಳನೆಯ ಮರ, ಹೊಲದ ಕಡೆ, ಗೌರಮ್ಮನ ಗಡಿಗೆಯ ಕೆಳಗಿನ ಸಾಲು. ಕೋಳಿ ಕೆದಕಿದ ಹಾಗಿದೆ ನನ್ನ ಅಕ್ಷರ, ಬೈಯಬೇಡಿ. ಆಯಿಲ್ ಪೇಂಟಿನಲ್ಲೇ ಬರೆದಿದ್ದೇನೆ.

ನಿಮ್ಮ
ಇನ್ಸ್‌ಪೆಕ್ಟ್ರು