ಇಲ್ಲ ಅನ್ನೋ ತಾಲೀಮು

ನ್ಯಾಶ್‌ವಿಲ್, ಫೆಬ್ರವರಿ 1960

ತಂಗಿ ಒಡೆಸ್ಸಾ,

ಮಗಳ ಮನೆಗೆ ಸುಖವಾಗಿ ತಲುಪಿದೆ. ಇಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಕಾಲೇಜು ಹುಡುಗರು ಬೈಸಿಕೊಳ್ಳೋ ತಾಲೀಮು ಮಾಡ್ತಾರೆ, ನಂಬ್ತೀಯಾ? ಪೇಟೆ ಅಂಗಡಿಯವರು ನಮ್ಮ ಕರಿಯರಿಗೆ ಸೂಜಿ ದಾರ ಮಾರ್ತಾರೆ, ಅಲ್ಲೇ ಕೂತು ತಿನ್ನೋಕೆ ಮಾತ್ರ ಬಿಡಲ್ಲವಲ್ಲ. ಇವರು ಹೋಗಿ ಕೂರ್ತಾರಂತೆ, ಹೊಡೆದರೂ ಕೈ ಎತ್ತಲ್ಲವಂತೆ.

ನಿನ್ನೆ ತಾಲೀಮಿನಲ್ಲಿ ನನಗೆ ಅಂಗಡಿಯ ಬಿಳಿ ಯಜಮಾನಿಯ ಪಾತ್ರ. "ನಿಮಗಿಲ್ಲಿ ಊಟ ಇಲ್ಲ, ಏಳ್ರೋ!" ಅಂತ ಚೆನ್ನಾಗೇ ಗದರಿದೆ ಕಣೇ. ಆದರೆ ಎದುರು ಕೂತವನ ಬಾಡಿದ ಮುಖ ನೋಡಿ, "ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯೇನಪ್ಪಾ?" ಅಂದು, ಚೀಲದಲ್ಲಿದ್ದ ಗೆಣಸಿನ ಪೈ ಕೊಟ್ಟುಬಿಟ್ಟೆ. ಮೂರು ಸಲ ಮಾಡಿಸಿದರು, ಮೂರು ಸಲವೂ ಇದೇ ಕಥೆ. ತಾಲೀಮು ನಡೆಸೋ ಪಾದ್ರಿಗಳು ಹಣೆ ಚಚ್ಚಿಕೊಂಡರು.

ಮೊಮ್ಮಗಳು ಪರ್ಲೀನ್ ಕೇಳಿದಳು, "ಮತ್ತೆ ಆ ಬಿಳಿಯರಿಗೆ ಇಲ್ಲ ಅನ್ನೋಕೆ ಹೇಗೆ ಬರುತ್ತಜ್ಜಿ?"

"ನಿನ್ನ ವಯಸ್ಸಿನಿಂದಲೇ ಕಲಿಸ್ತಾರೆ ಪುಟ್ಟಿ."

"ಅಯ್ಯೋ, ಅದಕ್ಕೂ ಹೋಮ್‌ವರ್ಕ್ ಇರುತ್ತಾ?"

ಶನಿವಾರ ನಿಜವಾದ ಅಂಗಡಿಗೆ ಹೋಗೋದು. ನಾನೂ ಹೋಗ್ತೀನಿ, ಈ ಸಲ ತಿನ್ನೋರ ಸಾಲಿನಲ್ಲಿ. ನನ್ನ ಮಂಡಿ ನಿನಗೆ ಗೊತ್ತಲ್ಲ, ಒಮ್ಮೆ ಕೂತರೆ ನನ್ನ ಕೈಲೇ ಏಳಕ್ಕಾಗಲ್ಲ. ಅವರು ಎಬ್ಬಿಸಲಿ, ನೋಡೋಣ.

ನಿನ್ನ ಅಕ್ಕ,
ವಿಲ್ಹೆಲ್ಮೀನಾ