ಉಗುರಿನ ಕೆಳಗಿನ ಕೆಂಪು

ಹಾವೇರಿ
೧೪ ಮಾರ್ಚ್ ೨೦೨೫

ನನ್ನ ಸಿಟ್ಟಿನ ಮಗಳು ರಂಜನಾಳಿಗೆ,

ನಿನಗೂ ಹೊಟ್ಟೆಯೊಳಗಿನ ಕೂಸಿಗೂ ಅವ್ವನ ಮನಸಾರೆ ಆಶೀರ್ವಾದ.

ಗೆದ್ದೆನೇ ರಂಜೂ, ಗೆದ್ದೆ! ಈಗಷ್ಟೇ ಡಾಕ್ಟರು ಹೇಳಿ ಹೋದರು. ಹಾಸಿಗೆಯ ಮೇಲೆ ಕುಳಿತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಹಾಗೇ ಓದಿಕೋ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಎರಡನೆಯ ಮಾತಿಗೇ ಜಗಳ ತೆಗೆಯುತ್ತೀ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲವಲ್ಲ! ಅದಕ್ಕೇ ಅಳಿಯಂದಿರ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಅವರಿಗೂ ಇವತ್ತೇ ಗೊತ್ತಾಗಿದ್ದು, ಅವರನ್ನು ಬೈಯಬೇಡ.

ನಿನಗೆ ಹೇಳಿದ್ದು ಸುಳ್ಳು, ನಾನು ರಾಣೆಬೆನ್ನೂರಿನ ನಿನ್ನ ದೊಡ್ಡಮ್ಮನ ಮನೆಯಲ್ಲಿ ಇರಲೇ ಇಲ್ಲ. ಇಷ್ಟು ದಿನವೂ ಇಲ್ಲೇ, ಹಾವೇರಿಯ ಆಸ್ಪತ್ರೆಯಲ್ಲಿದ್ದೆ. ನಿನ್ನ ಗಂಡನೂರು ಗುತ್ತಲದ ಬಸ್ಸು ನನ್ನ ಕಿಟಕಿಯ ಕೆಳಗೇ ಹೋಗುತ್ತಿತ್ತು. ಸೀಮಂತದ ಕುಬಸ ಮುಗಿಸಿ, ಚೊಚ್ಚಲ ಬಾಣಂತನಕ್ಕೆ ಮಗಳನ್ನು ಬ್ಯಾಡಗಿಗೆ ಕರೆದೊಯ್ಯಬೇಕಾದವಳು “ಮೆಣಸಿನಕಾಯಿ ಘಾಟು ಇಳಿಯಲಿ, ಎಂಟು ದಿನ ತಡಿ” ಅಂದೆ. ಆಮೇಲೆ ಇನ್ನೆಂಟು ದಿನ, ಮತ್ತೆಂಟು ದಿನ. “ನಿನಗ ನಾ ಬ್ಯಾಡಾಗಿದ್ರ ಖರೇ ಹೇಳಿಬಿಡು” ಎಂದು ನೀನು ಫೋನಿಟ್ಟಾಗ ನನ್ನ ಇನ್ನೊಂದು ಕೈಗೆ ಸಲೈನ್ ಹಚ್ಚಿದ್ದರು. ನಿನ್ನ ಬಿಪಿ ಏರಿದೆ ಎಂದು ನಿನ್ನ ಡಾಕ್ಟರು ಹೇಳಿದ್ದರಲ್ಲ, ಅದಕ್ಕೆ ಬಾಯಿ ಬಿಡಲಿಲ್ಲ.

ಆದದ್ದು ಇಷ್ಟು. ಸಂಕ್ರಾಂತಿಗೆ ಮುಂಚಿನಿಂದಲೂ ಸಂಜೆಯಾದರೆ ಜ್ವರ, ರಾತ್ರಿ ಬೆವರು. ಸುಗ್ಗಿಯಲ್ಲಿ ನಮ್ಮೂರಿನವರು ಏನೇ ಆದರೂ ಘಾಟು ಎಂದು ಕೈ ತೊಳೆದುಕೊಳ್ಳುತ್ತಾರೆ, ನಾನೂ ಹಾಗೇ ಮಾಡಿದೆ. ಖಾರಪುಡಿಗೆಂದು ನೆರೆಮನೆಯ ಗುತ್ತೆವ್ವನ ಜೊತೆ ಪಡಸಾಲೆಯಲ್ಲಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಬೆರಳ ತುದಿಗೆ ನೋಯುವ ಗಂಟುಗಳೆದ್ದವು, ಖಾರ ಹತ್ತಿತು ಎಂದು ಕೊಬ್ಬರಿ ಎಣ್ಣೆ ಹಚ್ಚಿದೆ. ಉಗುರಿನ ಕೆಳಗೆ ಕೆಂಪು ಗೆರೆಗಳು ಬಿದ್ದವು. ಬ್ಯಾಡಗಿ ಕಾಯಿಯ ಬಣ್ಣವೆಂದರೆ ಸುಮ್ಮನೆಯೇ ಎಂದು ಗುತ್ತೆವ್ವನಿಗೆ ತೋರಿಸಿ ಮೆರೆದೆ!

ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ ನಿಮ್ಮಪ್ಪ ಇಲ್ಲಿಗೆ ಎಳೆತಂದರು. ಡಾಕ್ಟರ್ ಸುನಿತಾ ನಿನ್ನ ವಯಸ್ಸಿನವರೇ. ನನ್ನ ಬೆರಳು ನೋಡಿ “ಕೈ ತೊಳಕೊಂಡು ಬರ್ರಿ” ಅಂದರು. ತೊಳೆದೆ. “ಇನ್ನೊಮ್ಮೆ ತೊಳೀರಿ” ಅಂದರು. “ಬ್ಯಾಡಗಿ ಬಣ್ಣ ರೀ, ಅಷ್ಟು ಲಗೂ ಹೋಗೂದಿಲ್ಲ” ಎಂದು ನಕ್ಕೆ. ಅವರೇ ಸ್ಪಿರಿಟ್ ಹತ್ತಿಯಿಂದ ತಿಕ್ಕಿದರು. ಗೆರೆ ಹೋಗಲಿಲ್ಲ, ಅವರ ಮುಖದ ನಗು ಹೋಯಿತು. “ಇದು ಮ್ಯಾಲಿನ ಬಣ್ಣ ಅಲ್ರಿ, ಒಳಗಿನ ರಕ್ತ” ಅಂದವರು ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು.

ಸಣ್ಣವಳಿದ್ದಾಗ ನನಗೆ ಕೀಲು ಬಾತು ಜ್ವರ ಬಂದಿತ್ತು. ಹೃದಯದ ಒಂದು ಕವಾಟ ಆಗಲೇ ಪೆಟ್ಟು ತಿಂದಿತ್ತಂತೆ. ಹುಳುಕು ಹಲ್ಲಿನ ಬುಡದಿಂದ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಅಲ್ಲೇ ಮನೆ ಮಾಡಿದ್ದವು. ಸ್ಕ್ಯಾನಿನ ಪರದೆಯಲ್ಲಿ ಕವಾಟಕ್ಕೆ ಅಂಟಿಕೊಂಡ ಗಂಟು ಕುಣಿಯುವುದನ್ನು ನಾನೇ ಕಂಡೆ. ಅದರ ಚೂರು ಹರಿದು ಮೆದುಳಿಗೆ ಹೋದರೆ ಲಕ್ವ ಹೊಡೆಯಬಹುದು, ಮಾತು ನಿಲ್ಲಬಹುದು, ಜೀವವೇ ಹೋಗಬಹುದು ಅಂದರು. ಹೆದರಿಕೆಯಾಯಿತು ರಂಜೂ, ಬಹಳ ಹೆದರಿಕೆಯಾಯಿತು. ಬೆಳಿಗ್ಗೆ ಎಚ್ಚರವಾದ ಕೂಡಲೇ ಮಾತು ಇದೆಯೋ ಇಲ್ಲವೋ ಎಂದು ನಿನ್ನ ಹೆಸರು ಜೋರಾಗಿ ಕೂಗಿ ನೋಡುತ್ತಿದ್ದೆ. “ಯಾರನ್ನ ಕರಿಯಾಕತ್ತೀರಿ ಅಕ್ಕಾರ?” ಎಂದು ಪಕ್ಕದ ಹಾಸಿಗೆಯ ಹೊಳಿಯವ್ವ ದಿನಾ ಕೇಳುತ್ತಿದ್ದಳು.

ಆರು ವಾರ ನರಕ್ಕೆ ಔಷಧಿ ಹರಿಸಿದರು. ಹುಳುಕು ಹಲ್ಲೂ ಹೋಯಿತು. ಇವತ್ತು ನೋಡಿದರೆ ರಕ್ತ ಸ್ವಚ್ಛ, ಜ್ವರ ಇಲ್ಲ, ಗಂಟು ಮಾಯ! ಹೊಳಿಯವ್ವ ಎಲ್ಲರಿಗೂ ಪೇಡೆ ಹಂಚಿದಳು. ಕವಾಟ ಸ್ವಲ್ಪ ಸೋರುತ್ತದಂತೆ. ಸೋರಲಿ ಬಿಡು, ನಮ್ಮ ಬಚ್ಚಲ ನಳವೂ ಸೋರುತ್ತದೆ.

ಬರುವ ಗುರುವಾರ ನಿನ್ನನ್ನು ಕರೆಯಲು ನಾನೇ ಬರುತ್ತೇನೆ. ಅಂಟಿನುಂಡೆ ಕಟ್ಟುತ್ತೇನೆ, ನಿನಗೂ ಕೂಸಿಗೂ ನಾನೇ ಎರೆಯುತ್ತೇನೆ, ಬಾಣಂತನ ಹೇಗಿರಬೇಕೆಂದು ನಿಮ್ಮತ್ತೆಗೆ ತೋರಿಸುತ್ತೇನೆ. ಸಿಟ್ಟು ಬಿಟ್ಟು ಬಟ್ಟೆ ಕಟ್ಟಿಡು.

ನಿನ್ನ ಹೆಸರು ಇನ್ನೂ ಸ್ಪಷ್ಟವಾಗಿ ಕರೆಯಬಲ್ಲ
ನಿನ್ನ ಅವ್ವ
ನಲಿನಿ

ತಾ.ಕ.: ಕಾಗದವನ್ನು ನಿಮ್ಮಪ್ಪ ಓದಿದರು. “ಅರ್ಧಾ ಖರೇ ಬರದೀದಿ. ಉಳದದ್ದೂ ಬರಿ” ಎಂದು ಪೆನ್ನು ಮತ್ತೆ ಕೈಗೆ ಕೊಟ್ಟು ಎದುರಿಗೇ ನಿಂತಿದ್ದಾರೆ. ಸೋಂಕು ಹೋಗಿದ್ದು ಖರೇ. ಆದರೆ ಹೋಗುವಾಗ ಕವಾಟವನ್ನು ಹರಿದೇ ಹೋಗಿದೆ, ಸೋರುವುದು ಸ್ವಲ್ಪವಲ್ಲ. ಏಪ್ರಿಲ್ ಮೊದಲ ವಾರ ಹುಬ್ಬಳ್ಳಿಯಲ್ಲಿ ಹೊಸ ಕವಾಟ ಹಾಕುತ್ತಾರೆ. ನಿನ್ನ ದಿನ ತುಂಬುವುದೂ ಆಗಲೇ. ಕೂಸಿನ ತೊಟ್ಟಿಲ ಶಾಸ್ತ್ರವಾದರೂ ಆಗಲಿ, ಆಮೇಲೆ ಮಾಡಿ ಎಂದು ಗೋಗರೆದೆ. “ಎದಿ ಕಾಯೂದಿಲ್ರಿ ಅಮ್ಮಾ” ಅಂದರು ಡಾಕ್ಟರು. ನಿನ್ನ ಹೆರಿಗೆಗೆ ನಾನು ಹತ್ತಿರ ಇರುವುದಿಲ್ಲ ರಂಜೂ. ಆದರೂ ತವರಿಗೆ ಬಾ. ನಿನಗೆ ಎರೆಯಲು ದೊಡ್ಡಮ್ಮ ಬರುತ್ತಾಳೆ. ನಾನು ಎದೆ ಹೊಲಿಸಿಕೊಂಡು ಬಂದ ಮೇಲೆ ಒಂದೇ ಕೋಣೆಯಲ್ಲಿ ಇಬ್ಬರೂ ಬಾಣಂತಿಯರಾಗಿ ಮಲಗೋಣ, ಇಬ್ಬರಿಗೂ ನಿಮ್ಮಪ್ಪನೇ ನೀರು ಕಾಯಿಸಲಿ. ಎದೆಯ ಹೊಲಿಗೆ ಕೂಡುವವರೆಗೆ ಕೂಸನ್ನು ಎತ್ತಿಕೊಳ್ಳಬಾರದಂತೆ. ನೀನೇ ತಂದು ನನ್ನ ಮಗ್ಗುಲಿಗೆ ಮಲಗಿಸಬೇಕು.